ಸಿಟಿಲಿ ಮಹಿಳಾ ಸಂಘ ಯಾಕೆ ಉಳಿಯಲ್ಲ? ಅಮ್ಮನ ಗುಂಪು ಮತ್ತೆ ಶುರು ಮಾಡ್ಬೇಕು ಅಂತಿದೀವಿ, ಸಲಹೆ ಕೊಡಿ

ಊದುಬತ್ತಿ_ಹುಡುಗಿ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ನಾವಿರೋದು ಮೈಸೂರಲ್ಲಿ, ಬಾಡಿಗೆ ಮನೆ. ಅಮ್ಮ ಬೆಳಿಗ್ಗೆ ನಾಲ್ಕು ಮನೆ ಕೆಲಸ ಮುಗಿಸಿ ಬಂದು ಮಧ್ಯಾಹ್ನ ಊದುಬತ್ತಿ ಹೊಸೀತಾರೆ. ನಮ್ಮ ಗಲ್ಲಿಲಿ ಹೆಚ್ಚುಕಮ್ಮಿ ಎಲ್ರದೂ ಇದೇ ಕಥೆ. 2019ರಲ್ಲಿ 15 ಜನ ಸೇರಿ ಒಂದು ಸ್ವಸಹಾಯ ಸಂಘ ಮಾಡಿದ್ರು, ವಾರಕ್ಕೆ 50 ರೂಪಾಯಿ. ಚೆನ್ನಾಗೇ ನಡೀತಿತ್ತು. ಲೀಡರ್ ಹತ್ರನೇ ಪಾಸ್‌ಬುಕ್, ಲೀಡರ್ ಹತ್ರನೇ ನಡಾವಳಿ ಪುಸ್ತಕ, ಬ್ಯಾಂಕಿನ ಮೆಸೇಜ್ ಬರ್ತಿದ್ದಿದ್ದೂ ಅವರ ಮೊಬೈಲಿಗೇ. ಕೊರೋನಾ ಟೈಮಲ್ಲಿ ಮೀಟಿಂಗ್ ನಿಂತೋಯ್ತು, ಆಮೇಲೆ ಪುಸ್ತಕ ತೆಗೆದು ನೋಡಿದ್ರೆ ಸಾಲನೇ ತಗೊಳ್ದೆ ಇರೋ ಮೂರು ಜನದ ಹೆಸರಲ್ಲಿ ಸಾಲ ಬರ್ದಿದಾರೆ, ಸೈನೂ ಇದೆ. 38 ಸಾವಿರ ಹೋಯ್ತು. ಆಯಮ್ಮ ಮನೆ ಖಾಲಿ ಮಾಡ್ಕೊಂಡು ಹೊರಟೋದ್ರು.

ಈಗ ನಮ್ಮಲ್ಲಿ 'ಸಂಘ' ಅಂದ್ರೆ ವಾರದ ಕಂತಿನ ಫೈನಾನ್ಸ್ ಸಂಘ ಅಷ್ಟೇ. ಅಮ್ಮ ಸೋಮವಾರ ಒಂದಕ್ಕೆ, ಬುಧವಾರ ಒಂದಕ್ಕೆ, ಶುಕ್ರವಾರ ಇನ್ನೊಂದಕ್ಕೆ ಕಟ್ತಾರೆ. ಒಂದರ ಕಂತಿಗೆ ಇನ್ನೊಂದರ ದುಡ್ಡು. ಹೋದ ತಿಂಗಳು ಅಪ್ಪನಿಗೆ ಹುಷಾರಿಲ್ದೆ 10 ಸಾವಿರ ಬೇಕಾಯ್ತು, ಕೊನೆಗೆ ಮೀಟರ್ ಬಡ್ಡಿಗೆ ತಂದ್ವಿ. ಆವತ್ತು ರಾತ್ರಿ ಪಕ್ಕದ ಮನೆ ಅಜ್ಜಿ ಬಂದು, 'ನಮ್ದೇ ಸಂಘ ಇದ್ದಿದ್ರೆ ನಿನ್ನಮ್ಮ ಅವನ ಮನೆ ಬಾಗಿಲು ತಟ್ತಿರ್ಲಿಲ್ಲ' ಅಂದ್ರು. ಅದೇ ತಲೇಲಿ ಕೊರೀತಿದೆ.

12 ಜನ ರೆಡಿ ಇದಾರೆ. ನಾನು ಬಿ.ಕಾಂ ಎರಡನೇ ವರ್ಷ, ಲೆಕ್ಕ ಬರೀತೀನಿ ಅಂದಿದೀನಿ. ಹಳ್ಳೀಲಿ ನಮ್ಮ ಅತ್ತೆಯ ಸಂಘ 18 ವರ್ಷದಿಂದ ನಡೀತಿದೆ, ಸಿಟಿಲಿ ಯಾಕೆ ಎರಡು ವರ್ಷಕ್ಕೇ ಒಡೆದೋಗುತ್ತೆ? ಏನು ಬೇರೆ ಥರ ಮಾಡ್ಬೇಕು?

ಕಟ್ಟೆ_ಪುರಾಣ
ಬಿದ್ದ ಗುಂಡಿಗೇ ಮತ್ತೆ ಬೀಳೋಕೆ 12 ಜನ ರೆಡಿ ಇದಾರೆ ಅನ್ನಿ 😄

ರಿಟೈರ್ಡ್_ಕ್ಯಾಷಿಯರ್
ಮೇಲಿನವರ ಮಾತಿಗೆ ತಲೆ ಕೆಡಿಸ್ಕೋಬೇಡಿ. ನಾನು 31 ವರ್ಷ ಬ್ಯಾಂಕಲ್ಲಿದ್ದು ರಿಟೈರ್ ಆಗಿರೋನು, ಅದರಲ್ಲಿ ಒಂದಷ್ಟು ವರ್ಷ ಕೋಲಾರದ ಕಡೆ. ಒಂದು ವಿಷಯ ಮೊದಲು ಬಿಡಿಸ್ಕೋಬೇಕು. ನಿಮ್ಮಮ್ಮ ವಾರಕ್ಕೆ ಮೂರು ಸಲ ಕಟ್ತಿರೋದು ಸ್ವಸಹಾಯ ಸಂಘಾನೇ ಅಲ್ಲ. ಅದು ಕಂಪನಿಯ ಸಾಲ, ಐದೋ ಹತ್ತೋ ಜನನ ಒಬ್ಬರಿಗೊಬ್ಬರು ಜಾಮೀನು ನಿಲ್ಲಿಸಿ ಕೊಡ್ತಾರೆ, ಅದಕ್ಕೆ ಜನರೂ ಸಂಘ ಅಂತಾರೆ. ಅಲ್ಲಿ ಮೊದಲು ಬರೋದು ಸಾಲ. ನಿಜವಾದ ಸಂಘದಲ್ಲಿ ಮೊದಲು ಉಳಿತಾಯ, ಆಮೇಲೆ ನಿಮ್ಮದೇ ದುಡ್ಡಲ್ಲಿ ಒಳಸಾಲ, ಬ್ಯಾಂಕ್ ಬರೋದು ಮೂರನೇದಾಗಿ. ಈ ಎರಡಕ್ಕೂ ಒಂದೇ ಹೆಸರು ಬಿದ್ದಿದ್ದೇ ದೊಡ್ಡ ಅನಾಹುತ.

ಈ ಪದ್ಧತಿ ಬೆಳೆದಿದ್ದೇ ನಮ್ಮ ರಾಜ್ಯದಲ್ಲಿ. 80ರ ದಶಕದಲ್ಲಿ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆಯವರು ಮಾಡಿದ್ದ ದೊಡ್ಡ ಸಹಕಾರ ಸಂಘಗಳು ಒಡೆದೋದ್ವು, ಜನ ತಮಗೆ ತಾವೇ ಸಣ್ಣ ಸಣ್ಣ ಗುಂಪು ಮಾಡ್ಕೊಂಡು ದುಡ್ಡು ಕೂಡಿಸೋಕೆ ಶುರು ಮಾಡಿದ್ರು. ನಬಾರ್ಡ್, ಅಂದ್ರೆ ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, 1987ರಲ್ಲಿ ಮೈರಾಡಕ್ಕೆ 10 ಲಕ್ಷ ಅನುದಾನ ಕೊಡ್ತು, 1992ರಲ್ಲಿ ಗುಂಪುಗಳಿಗೆ ಬ್ಯಾಂಕ್ ಜೋಡಣೆ ಅಂತ ದೇಶಕ್ಕೆಲ್ಲ ಪ್ರಯೋಗ ಶುರುವಾಯ್ತು. ಆ ಸಣ್ಣ ಗುಂಪುಗಳನ್ನ ಯಾವ ಆಫೀಸರ್ರೂ ಪಟ್ಟಿ ಮಾಡಿ ಸೇರಿಸಿರ್ಲಿಲ್ಲ. ಯಾರ ಮೇಲೆ ಯಾರಿಗೆ ನಂಬಿಕೆ ಇತ್ತೋ ಅವರವರೇ ಸೇರಿದ್ರು. ನಿಮ್ಮ 12 ಜನ ಹಂಗೆ ಸೇರಿದಾರಾ, ಇಲ್ಲಾ 'ಲೋನ್ ಸಿಗುತ್ತಂತೆ' ಅಂತ ಸೇರಿದಾರಾ? ಅದನ್ನ ಮೊದಲು ನೋಡ್ಕೊಳ್ಳಿ.

ಊದುಬತ್ತಿ_ಹುಡುಗಿ
ಸರ್, ನಿಜ ಹೇಳ್ಬೇಕು ಅಂದ್ರೆ ನಾಲ್ಕು ಜನ ಲೋನ್‌ಗೇ ಸೇರಿರೋದು 🙈

ರಿಟೈರ್ಡ್_ಕ್ಯಾಷಿಯರ್
ಆರು ತಿಂಗಳು ಉಳಿತಾಯ ಬಿಟ್ಟು ಬೇರೇನೂ ಇಲ್ಲ ಅನ್ನಿ. ನಾಲ್ಕರಲ್ಲಿ ಎರಡು ಉದುರುತ್ತೆ. ಹತ್ತು ಜನ ಉಳಿದ್ರೂ ಸಾಕು, 10ರಿಂದ 20 ಜನ ಇರ್ಬೇಕು ಅಷ್ಟೆ.

ಹುಬ್ಬಳ್ಳಿ_ಮಂದಿ
ಸಿಟ್ಯಾಗ ಯಾಕ ಒಡಿತಾವಂದ್ರ ಅಲ್ಲಿ ಯಾರೂ ಖಾಯಂ ಇರಂಗಿಲ್ರಿ. ಹಳ್ಯಾಗ ಸಾಲ ತಗೊಂಡು ಓಡಿ ಹೋದ್ರ ಹೊಲ ಎಲ್ಲಿ ಹೊತ್ಕೊಂಡು ಹೋಗ್ತಾಳ? ಅತ್ತಿ ಮಾವ ಎಲ್ಲಾ ಅಲ್ಲೇ. ಸಿಟ್ಯಾಗ ಮಾಲಕ ಬಾಡಿಗಿ ಏರಿಸಿದ ಅಂದ್ರ ಮುಂದಿನ ತಿಂಗಳ ಟಾಟಾ ಏಸ್ ಬಂದು ನಿಂತಿರ್ತೈತಿ.

ನಮ್ಮವ್ವಂದು ರೊಟ್ಟಿ ಗುಂಪು ಐತಿ, 11 ಮಂದಿ, ಒಂಬತ್ತು ವರ್ಷ ಆತು. ಅದರಾಗ ಬಾಡಿಗಿ ಮನ್ಯಾಗ ಇರೋರು ಏಳು ಮಂದಿ. ಅವರು ಒಂದು ರೂಲ್ ಮಾಡ್ಯಾರ, ಓಣಿ ಬಿಟ್ಟು ಹೋದ್ರೂ ಗುಂಪು ಬಿಡಂಗಿಲ್ಲ, ಮೀಟಿಂಗಿಗೆ ಬರಾಕಬೇಕು. ಈಗ ಒಬ್ಬಾಕಿ ಗೋಕುಲ ರೋಡಿಂದ ಬರ್ತಾಳ, ಒಬ್ಬಾಕಿ ಧಾರವಾಡದಿಂದ. ಮದಲ ಬಸ್ ಚಾರ್ಜ್ ಅಂತ ತಕರಾರು ಇತ್ತು, 2023ರ ಜೂನಿಂದ ಶಕ್ತಿ ಯೋಜನಾ ಬಂದ ಮ್ಯಾಲ ಅದೂ ಇಲ್ಲ. ಆಧಾರ್ ಕಾರ್ಡ್ ತೋರ್ಸಿ ಝೀರೋ ಟಿಕೆಟ್ನ್ಯಾಗ ಬರ್ತಾರ, ಬಂದಾಕಿ ನಮ್ಮನ್ಯಾಗ ಊಟಾನೂ ಮಾಡ್ಕೊಂಡ ಹೋಗ್ತಾಳ 😅

ಕಟ್ಟೆ_ಪುರಾಣ
ಅಂತೂ ಫ್ರೀ ಬಸ್ ಭಜನೆ ಶುರು ಆಯ್ತು.

ಮಂಡ್ಯದ್_ಗಂಡು
ನಿಮ್ಗೇನ್ ನಷ್ಟ ಗುರು ಅವ್ರು ಬಸ್ಸಲ್ ಹೋದ್ರೆ? ನಮ್ಮವ್ವ 2000 ಗೃಹಲಕ್ಷ್ಮಿ ದುಡ್ಡಲ್ಲಿ 500 ಪ್ರತಿ ತಿಂಗ್ಳೂ ಸಂಘಕ್ಕೆ ಹಾಕ್ತವ್ಳೆ, ಮೊದ್ಲು ನಮ್ಮಪ್ಪನ ಮುಂದೆ ಕೈ ಒಡ್ಡಿ ನಿಲ್ಬೇಕಿತ್ತು.

ಕಟ್ಟೆ_ಪುರಾಣ
ಆ 2000 ಯಾರ ಟ್ಯಾಕ್ಸು ಸ್ವಾಮಿ?

ಮಂಡ್ಯದ್_ಗಂಡು
ನಮ್ಮವ್ವ ಸೋಪು, ಎಣ್ಣೆ ಕೊಂಡ್ರೆ ಅದ್ರಲ್ಲಿ ಟ್ಯಾಕ್ಸ್ ಇಲ್ವಾ? ಅವ್ಳ ದುಡ್ಡೇ ಅವ್ಳಿಗ್ ಬಂತು, ಮುಗೀತು.

ವೇದಿಕೆ_ನಿರ್ವಾಹಕ
ಗ್ಯಾರಂಟಿ ಜಗಳಕ್ಕೆ ಬೇರೆ ಚರ್ಚೆ ತೆರೀರಿ. ಇಲ್ಲಿ ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಕೊಡಿ.

ಲಗ್ಗೆರೆ_ಲೇಡಿ
ನಾನು ಗಾರ್ಮೆಂಟ್ಸಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೆ. ಬೆಂಗಳೂರಲ್ಲಿ ಸಂಘ ಒಡೆಯೋಕೆ ಇನ್ನೊಂದು ಕಾರಣ ಯಾರೂ ಹೇಳಲ್ಲ, ಟೈಮ್. ಪಾಲಿಕೆಯವರು ಟ್ರೈನಿಂಗ್ ಇಡೋದು ಮಂಗಳವಾರ ಬೆಳಿಗ್ಗೆ 11ಕ್ಕೆ. ಆ ಹೊತ್ತಿಗೆ ಬರೋಳು ಯಾರು? ಕೆಲಸಕ್ಕೆ ಹೋಗದೆ ಇರೋಳು. ಅಂದ್ರೆ ಯಾರಿಗೆ ತೀರಾ ಅಗತ್ಯ ಇದೆಯೋ ಅವಳು ಅಲ್ಲೇ ಔಟು. ಒಂದು ದಿನ ರಜಾ ಹಾಕಿದ್ರೆ ಕೂಲಿನೂ ಹೋಯ್ತು ಅಟೆಂಡೆನ್ಸ್ ಬೋನಸ್ಸೂ ಹೋಯ್ತು. ನಮ್ಮ ಗುಂಪಿನ ಮೀಟಿಂಗ್ ಭಾನುವಾರ ಮಧ್ಯಾಹ್ನ 3 ಗಂಟೆಗೆ, ಟೆರೇಸ್ ಮೇಲೆ, ಒಗೆದ ಬಟ್ಟೆ ಮಧ್ಯೆ. ಭಾನುವಾರ ಬಿಟ್ರೆ ನೀರು ಬರೋ ದಿನ ಅಂತೂ ಇಟ್ಕೋಬೇಡಿ ದಯವಿಟ್ಟು, ನಾವು ಇಟ್ಟು ಕೆಟ್ವಿ, ಮೀಟಿಂಗ್ ಅರ್ಧಕ್ಕೆ 'ನೀರ್ ಬಂತು' ಅಂದ್ರೆ ಅಧ್ಯಕ್ಷೆನೇ ಮೊದಲು ಎದ್ದೋಡೋರು.

ಕುಂಬಳೆ_ಕರೆ
ನಾನು ಕಾಸರಗೋಡಿನವಳು. ನಮ್ಮಲ್ಲಿ ಕುಟುಂಬಶ್ರೀ ಉಂಟಲ್ಲ, ಕೇರಳ ಸರ್ಕಾರದ ಮಹಿಳಾ ಕೂಟಗಳ ಯೋಜನೆ, 1998ರಲ್ಲಿ ಶುರುವಾದದ್ದು, ಅದರಲ್ಲಿ ಹಳ್ಳಿ ಪೇಟೆ ಅಂತ ಭೇದವೇ ಇಲ್ಲ. ಇಪ್ಪತ್ತರ ಒಳಗಿನ ಹೆಂಗಸರದ್ದು ಅಯಲ್‌ಕೂಟ್ಟಂ, ಅಂದ್ರೆ ನೆರೆಕರೆ ಕೂಟ. ಅದರ ಮೇಲೆ ವಾರ್ಡ್ ಮಟ್ಟದಲ್ಲಿ ಒಂದು ಸಮಿತಿ, ಅದರ ಮೇಲೆ ಪಂಚಾಯತು ಅಥವಾ ನಗರಸಭೆ ಮಟ್ಟದ್ದು. ಹಾಗಾಗಿ ಒಂದು ಕೂಟದ ಲೀಡರ್ ಏನಾದ್ರೂ ಮಾಡಿದ್ರೆ ಕೇಳುವವರು ಮೇಲೆ ಇರ್ತಾರೆ. ನಿಮ್ಮದು ಒಂಟಿ ಗುಂಪು, ದೋಚಿದ್ರೆ ಕೇಳುವವರು ಯಾರು ಮಾರಾಯ್ರೆ?

ಇನ್ನೊಂದು, ನಮ್ಮಲ್ಲಿ ಮನೆಮನೆಯ ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮ ಸೇನೆಯಲ್ಲಿ ಕುಟುಂಬಶ್ರೀ ಹೆಂಗಸರೇ ಇರುವುದು. ಮನೆಯವರು ತಿಂಗಳು ತಿಂಗಳು ಫೀಸು ಕೊಡ್ಬೇಕು. ಬರೀ ಸಾಲ ಕೊಟ್ಟು ತೆಗೆದುಕೊಂಡು ಇದ್ರೆ ಎಷ್ಟು ದಿನ ಮಾಡ್ತೀರಿ, ಏನಾದ್ರೂ ಕೆಲಸ ಬೇಕಲ್ಲ.

ನಗರಸಭೆ_ಸುತ್ತಿದವನು
ನಮ್ಮಲ್ಲೂ ಸಂಘಗಳ ಒಕ್ಕೂಟ ಇದೆ, ಕಾಗದದ ಮೇಲೆ. ಕೇಂದ್ರದ ನಗರ ಜೀವನೋಪಾಯ ಅಭಿಯಾನ 2013ರಲ್ಲಿ ಬಂತಲ್ಲ, ಅದರಲ್ಲಿ ಸಂಘಕ್ಕೆ 10 ಸಾವಿರ ಆವರ್ತನ ನಿಧಿ (ಸದಸ್ಯರಿಗೆ ಸಾಲ ಕೊಟ್ಟು ತಿರುಗಿಸೋಕೆ ಇರೋ ದುಡ್ಡು), ಏರಿಯಾ ಒಕ್ಕೂಟಕ್ಕೆ 50 ಸಾವಿರ ಅಂತ ಇತ್ತು. ಬ್ಯಾಂಕ್ ಸಾಲದ ಬಡ್ಡಿ 7%ಗಿಂತ ಜಾಸ್ತಿ ಎಷ್ಟಿದ್ಯೋ ಅಷ್ಟನ್ನ ಸರ್ಕಾರ ತುಂಬೋದು, ಮಹಿಳಾ ಸಂಘ ಸರಿಯಾಗಿ ಕಟ್ಟಿದ್ರೆ ಇನ್ನೂ 3% ವಾಪಸ್. ಕೇಳೋಕೆ ಸೂಪರ್. ನಮ್ಮೂರಲ್ಲಿ ಏನಾಯ್ತು ಅಂದ್ರೆ ಆ 10 ಸಾವಿರ ಬರೋ ಸುದ್ದಿಗೆ ರಾತ್ರೋರಾತ್ರಿ ಸಂಘಗಳು ಹುಟ್ಟಿದ್ವು, ಒಂದೇ ಹೆಂಗಸು ಮೂರು ಸಂಘದಲ್ಲಿ, ದುಡ್ಡು ಬಂತು, ಹಂಚ್ಕೊಂಡ್ರು, ಮುಗೀತು. ಈಗ ಆ ನಿಧಿ ಯಾವ ಹೆಸರಲ್ಲಿ ಇದೆ ಅಂತ ನಿಮ್ಮ ಪಾಲಿಕೆಲಿ ಕೇಳಿ, ಸಿಕ್ರೆ ತಗೊಳ್ಳಿ, ಆದ್ರೆ ಅದಕ್ಕೋಸ್ಕರ ಸಂಘ ಮಾಡ್ಬೇಡಿ.

ಪರ್ಸೆಂಟ್_ಪರಮೇಶಿ
ಒಂದು ಡೌಟು. ಒಳಸಾಲಕ್ಕೆ ಬಡ್ಡಿ ಎಷ್ಟು ಇಡ್ತಾರೆ? ನಾನು ಕೇಳಿರೋ ಪ್ರಕಾರ ತಿಂಗಳಿಗೆ 2%. ಅಂದ್ರೆ ವರ್ಷಕ್ಕೆ 24. ಇದಕ್ಕೂ ಫೈನಾನ್ಸಿಗೂ ಏನ್ ವ್ಯತ್ಯಾಸ? ಬಡವರಿಂದ ಬಡವರೇ ಸುಲಿಯೋದು. ಇದರ ಬದಲು ಬ್ಯಾಂಕಲ್ಲಿ ಗೋಲ್ಡ್ ಲೋನ್ ತಗೊಂಡ್ರೆ ಹತ್ತರ ಆಸುಪಾಸಲ್ಲಿ ಸಿಗುತ್ತಲ್ಲ.

ಲಗ್ಗೆರೆ_ಲೇಡಿ
ಗೋಲ್ಡು. ಹೌದಾ. ನಮ್ಮ ಗುಂಪಲ್ಲಿ 14 ಜನರ ಕಿವಿಲಿರೋದು ಸೇರಿಸಿದ್ರೂ ನಿಮ್ಮ ಬ್ಯಾಂಕಿನ ತಕ್ಕಡಿ ಅಲ್ಲಾಡಲ್ಲ ಅಣ್ಣ, ಅರ್ಧ ಜನದ್ದು ಉಮಾಗೋಲ್ಡು.

ರಿಟೈರ್ಡ್_ಕ್ಯಾಷಿಯರ್
ಪರಮೇಶಿಯವರೇ, ಲೆಕ್ಕ ಹಾಕೋಣ ಬನ್ನಿ. 5,000 ಸಾಲ, ತಿಂಗಳಿಗೆ 500 ಅಸಲು, ಹತ್ತು ತಿಂಗಳು. ಉಳಿದ ಅಸಲಿನ ಮೇಲೆ ಮಾತ್ರ 2% ಹಾಕಿದ್ರೆ ಮೊದಲ ತಿಂಗಳು 100, ಎರಡನೇ ತಿಂಗಳು 90, ಹಿಂಗೇ ಇಳೀತಾ ಕೊನೆಗೆ 10. ಒಟ್ಟು ಬಡ್ಡಿ 550. ಕೆಲವು ಸಂಘದಲ್ಲಿ ಲೆಕ್ಕ ಬರಲ್ಲ ಅಂತ ಹತ್ತು ತಿಂಗಳೂ ನೂರು ನೂರು ಹಿಡೀತಾರೆ, 1,000 ಆಗುತ್ತೆ. ಹೆಚ್ಚುಕಮ್ಮಿ ಎರಡು ಪಟ್ಟು. ಊದುಬತ್ತಿ ಹುಡುಗಿ, ನೀವು ಬಿ.ಕಾಂ ಅಲ್ವಾ, ಇಳಿಯೋ ಬಡ್ಡೀಲೇ ಬರೀರಿ, ಮೊದಲ ದಿನವೇ ಠರಾವು ಮಾಡ್ಸಿ.

ಸುಲಿಗೆ ಪ್ರಶ್ನೆಗೆ: ಆ 550 ಎಲ್ಲಿಗೆ ಹೋಗುತ್ತೆ? ಸಂಘದ ಪೆಟ್ಟಿಗೆಗೆ. ಸಾಲ ತಗೊಂಡವಳಿಗೂ ಅದರಲ್ಲಿ ಪಾಲಿದೆ. ಫೈನಾನ್ಸಿನ ಬಡ್ಡಿಲಿ ನಿಮ್ಮಮ್ಮನಿಗೆ ಪಾಲಿದೆಯಾ?

ಪರ್ಸೆಂಟ್_ಪರಮೇಶಿ
ಪಾಲಿದೆ ಸರಿ. ಆದ್ರೆ ಸಾಲನೇ ತಗೊಳ್ದೆ ಉಳಿತಾಯ ಮಾತ್ರ ಮಾಡೋಳಿಗೆ ಲಾಭ ಜಾಸ್ತಿ, ಕಷ್ಟದಲ್ಲಿ ಇದ್ದು ಪದೇ ಪದೇ ಸಾಲ ತಗೊಳ್ಳೋಳೇ ಪೂರ್ತಿ ಬಡ್ಡಿ ಕಟ್ಟೋದು. ಅಂದ್ರೆ ಗುಂಪಲ್ಲಿ ತೀರಾ ಬಡವಳ ಬಡ್ಡಿಲಿ ಸ್ವಲ್ಪ ಇದ್ದೋಳಿಗೆ ಡಿವಿಡೆಂಡು. ತಪ್ಪಾ ಹೇಳಿ.

ರಿಟೈರ್ಡ್_ಕ್ಯಾಷಿಯರ್
ತಪ್ಪಿಲ್ಲ. ಅದಕ್ಕೇ ಕೆಲವು ಗುಂಪಲ್ಲಿ ಆಸ್ಪತ್ರೆ, ಸ್ಕೂಲ್ ಫೀಸಿಗೆ 1%, ಮದುವೆ ಟೀವಿ ಬೈಕಿಗೆ 2% ಅಂತ ಇಟ್ಕೊಂಡಿರ್ತಾರೆ. ಗಲಾಟೆ ಇದ್ದೇ ಇರುತ್ತೆ.

ಹುಬ್ಬಳ್ಳಿ_ಮಂದಿ
ನಮ್ಮವ್ವನ ಗುಂಪಿನ್ಯಾಗ 'ಮೊಬೈಲ್ ಕೊಡಸಾಕ ಸಾಲ ಆಸ್ಪತ್ರಿ ಲೆಕ್ಕದಾಗ ಬರತೈತೇನು' ಅಂತ ಎರಡ ತಾಸು ಜಗಳ ಆಗಿತ್ತ. ಮಗನ ಆನ್‌ಲೈನ್ ಕ್ಲಾಸಿಗಂತ ಶಿಕ್ಷಣದಾಗ ಹಾಕಿದ್ರು.

ಸಿಲ್ಕ್_ಸಿಟಿ
ನಾನು ಶಿಡ್ಲಘಟ್ಟದವನು. ಇಲ್ಲಿ ಎಲ್ರೂ ಫೈನಾನ್ಸ್ ಕೆಟ್ಟದು ಸಂಘ ಒಳ್ಳೇದು ಅಂತ ಹೇಳ್ತಿದೀರ, 2009 ನೆನಪಿದ್ಯಾ ಯಾರಿಗಾದ್ರೂ? ಕೋಲಾರ, ರಾಮನಗರ, ನಮ್ಮ ಕಡೆ, ರೇಷ್ಮೆ ಕೆಲಸದ ಹೆಣ್ಮಕ್ಕಳು ಒಟ್ಟೊಟ್ಟಿಗೆ ಕಂತು ಕಟ್ಟೋದೇ ನಿಲ್ಸಿದ್ರು. ಒಬ್ಬೊಬ್ರಿಗೂ ನಾಲ್ಕೈದು ಕಂಪನಿ ಸಾಲ ಕೊಟ್ಟಿದ್ವು, ರೇಷ್ಮೆ ಬಿಸಿನೆಸ್ ಬಿತ್ತು, ಜಮಾತ್ ಮುಖಂಡರು ಕಟ್ಬೇಡಿ ಅಂದ್ರು. ಆಮೇಲೆ ವರ್ಷಗಟ್ಲೆ ನಮ್ಮ ಏರಿಯಾ ಅಂದ್ರೆ ಯಾರೂ ಸಾಲನೇ ಕೊಡ್ತಿರ್ಲಿಲ್ಲ. ಆಗ ಏನಾಯ್ತು? ಮೀಟರ್ ಬಡ್ಡಿಯವನೇ ದೇವ್ರು. ಅದಕ್ಕೇ ಹೇಳ್ತೀನಿ, ಫೈನಾನ್ಸ್‌ನವರನ್ನ ಓಡ್ಸೋದು ಸುಲಭ, ಅವರು ಹೋದ ಜಾಗಕ್ಕೆ ಯಾರು ಬರ್ತಾರೆ ಅಂತ ನೋಡ್ಕೋಬೇಕು.

ಗೂಗಲ್_ಗೋಪಾಲ
ಈಗ ಆ ಚಿಂತೆ ಇಲ್ಲ ಬ್ರೋ. 2025ರಲ್ಲಿ ಸರ್ಕಾರ ಕಾನೂನು ಮಾಡಿದೆ, ಮೈಕ್ರೋ ಫೈನಾನ್ಸ್ ಸಾಲ ಎಲ್ಲಾ ಮನ್ನಾ, ಕೇಳೋಕೆ ಬಂದ್ರೆ 10 ವರ್ಷ ಜೈಲು. ಅಮ್ಮನಿಗೆ ಕಟ್ಟೋದು ನಿಲ್ಸೋಕೆ ಹೇಳಿ.

ನಗರಸಭೆ_ಸುತ್ತಿದವನು
ಅಯ್ಯೋ ಬೇಡ ಬೇಡ!! ಇಂಥ ಮಾತು ಕೇಳಿ ಜನ ಹಾಳಾಗೋದು. 2025ರ ಫೆಬ್ರವರಿಲಿ ಸುಗ್ರೀವಾಜ್ಞೆ ಬಂದಿದ್ದು ನಿಜ, ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಇರೋದೂ ನಿಜ. ಆದ್ರೆ ಆರ್‌ಬಿಐ ನೋಂದಣಿ ಇರೋ ಬ್ಯಾಂಕು, ಫೈನಾನ್ಸ್ ಕಂಪನಿಗೆ ಅದು ಅನ್ವಯ ಆಗಲ್ಲ. ಲೈಸೆನ್ಸು ನೋಂದಣಿ ಇಲ್ದೆ ಬಡ್ಡಿ ವ್ಯವಹಾರ ಮಾಡೋರಿಗೆ ಅದು. ವಾರದ ಕಂತಿನವರಲ್ಲಿ ಬಹಳಷ್ಟು ಜನ ಆರ್‌ಬಿಐ ಅಡಿಯಲ್ಲೇ ಇರೋದು. ನಿಲ್ಸಿದ್ರೆ ಸಿಬಿಲ್, ಅಂದ್ರೆ ಸಾಲ ಸರಿಯಾಗಿ ಕಟ್ಟಿದ ದಾಖಲೆ, ಹಾಳಾಗುತ್ತೆ, ಮುಂದೆ ಸಂಘಕ್ಕೆ ಬ್ಯಾಂಕ್ ಸಾಲ ಕೇಳುವಾಗ ಅದೇ ಅಡ್ಡ ಬರುತ್ತೆ. ಹಂಗಂತ ರಾತ್ರಿ ಮನೆ ಮುಂದೆ ಕೂತು ಅವಾಚ್ಯ ಬೈದ್ರೆ ಸುಮ್ನಿರಬೇಕು ಅಂತಲ್ಲ. ಅದಕ್ಕೆ ಆರ್‌ಬಿಐದೇ ರೂಲ್ ಇದೆ, ಪೊಲೀಸ್ ಕಂಪ್ಲೇಂಟೂ ಕೊಡಬಹುದು.

ಇನ್ನೊಂದು ಉಪಯೋಗದ ವಿಷಯ. 2022ರಿಂದ ಆರ್‌ಬಿಐ ನಿಯಮ ಏನಂದ್ರೆ, ವರ್ಷಕ್ಕೆ 3 ಲಕ್ಷದ ಒಳಗೆ ಆದಾಯ ಇರೋ ಕುಟುಂಬಕ್ಕೆ ಇಂಥ ಸಾಲ ಕೊಡುವಾಗ, ಆ ಮನೆಯ ಎಲ್ಲಾ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟೋ ಹಂಗಿಲ್ಲ. ನಿಮ್ಮಮ್ಮನ ಮೂರು ಕಂತು ಕೂಡಿಸಿ ನೋಡಿ.

ಊದುಬತ್ತಿ_ಹುಡುಗಿ
ಕೂಡಿಸಿದೆ. ಅಮ್ಮನ ಸಂಬಳ ಪೂರ್ತಿ ಅದಕ್ಕೇ ಹೋಗ್ತಿದೆ. ಊದುಬತ್ತಿ ದುಡ್ಡಲ್ಲಿ ನಾವು ಊಟ ಮಾಡ್ತಿರೋದು. ಇದುವರೆಗೂ ಯಾರೂ ಕೂಡಿಸೇ ಇರ್ಲಿಲ್ಲ ಮನೇಲಿ. ಆ ಸಾಲದ ಫಾರಂ ತುಂಬುವಾಗ ಅಪ್ಪನ ಆದಾಯ ಎಷ್ಟು ಅಂತ ಬಂದವನೇ ಬರ್ಕೊಂಡನಂತೆ, ಅಮ್ಮ ಸೈನ್ ಹಾಕಿದ್ದಷ್ಟೇ.

ಸಿಲ್ಕ್_ಸಿಟಿ
ಎಲ್ಲಾ ಕಡೆ ಅದೇ ಕತೆ. ಅಪ್ಪ ಆಟೋ ಓಡ್ಸದೆ ಇದ್ರೂ ಫಾರಂನಲ್ಲಿ ಆಟೋ ಓಡ್ತಿರುತ್ತೆ.

ಬಾಲ್ಕನಿ_ಬುದ್ಧಿಜೀವಿ
ನನಗೆ ಈ ಇಡೀ 'ಸಬಲೀಕರಣ' ಅನ್ನೋ ಪದದ ಮೇಲೇ ಅನುಮಾನ. ಮನೆಕೆಲಸದವರಿಗೆ ಕನಿಷ್ಠ ಕೂಲಿ ಕೊಡಿಸಿ, ಪಿಎಫ್ ಕೊಡಿಸಿ, ಮನೆ ಕೊಡಿಸಿ. ಅದು ಬಿಟ್ಟು ವಾರಕ್ಕೆ 50 ರೂಪಾಯಿ ಕೂಡಿಟ್ಟು ಉದ್ಧಾರ ಆಗಿ ಅನ್ನೋದು ಸರ್ಕಾರ ತನ್ನ ಜವಾಬ್ದಾರಿನ ಅವರ ಸೆರಗಿಗೇ ಕಟ್ಟೋದು ಅಷ್ಟೇ. ಸಿಟಿಲಿ ಇದು ಆಗೋ ಮಾತೇ ಅಲ್ಲ.

ಲಗ್ಗೆರೆ_ಲೇಡಿ
ಮಾತು ಸರಿ. ಪಿಎಫ್ ಬರೋವರೆಗೂ ಜ್ವರ ಬರಬೇಡ ಅಂತ ಮಕ್ಕಳಿಗೆ ಹೇಳಿ ಹಂಗಾದ್ರೆ.

ಕುಂಬಳೆ_ಕರೆ
'ಸಿಟಿಲಿ ಆಗೋ ಮಾತೇ ಅಲ್ಲ' ಅನ್ನಬೇಡಿ. ಅಹಮದಾಬಾದಿನಲ್ಲಿ ಸೇವಾ ಅಂತ 1972ರಲ್ಲಿ ಇಳಾ ಭಟ್ ಕಟ್ಟಿದ್ದು ಯಾರನ್ನು? ತಲೆ ಮೇಲೆ ಬಟ್ಟೆ ಮೂಟೆ ಹೊರುವವರು, ತರಕಾರಿ ಮಾರುವವರು, ಅಪ್ಪಟ ಪೇಟೆಯ ಹೆಂಗಸರು. ಬ್ಯಾಂಕುಗಳು ಇವರನ್ನ ಒಳಗೆ ಬಿಡದಾಗ 1974ರಲ್ಲಿ 4,000 ಹೆಂಗಸರು ತಲೆಗೆ 10 ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ಮಾಡಿದ್ರು, ಈಗಲೂ ಉಂಟು. ಆದ್ರೆ ಒಂದು ಗಮನಿಸಿ, ಸೇವಾ ಮೊದಲು ಯೂನಿಯನ್, ಬ್ಯಾಂಕ್ ಬಂದದ್ದು ಆಮೇಲೆ. ಬಾಲ್ಕನಿಯವರು ಹೇಳುವ ಕೂಲಿಯ ಜಗಳವೂ ಅಲ್ಲೇ ಆಗ್ತದೆ, ಉಳಿತಾಯವೂ ಅಲ್ಲೇ. ಒಂದು ಬಿಟ್ಟು ಒಂದು ಯಾಕೆ ಮಾಡ್ಬೇಕು?

ಬಾಲ್ಕನಿ_ಬುದ್ಧಿಜೀವಿ
ಅದು ಒಪ್ಪಬಹುದು. ಊದುಬತ್ತಿ ಹೊಸೆಯೋರು ಸಂಘದಲ್ಲಿ ಕೂತು ಸಾವಿರ ಕಡ್ಡಿಗೆ ಎಷ್ಟು ಕೊಡ್ತಿದಾನೆ, ಪಕ್ಕದ ಗಲ್ಲಿಲಿ ಎಷ್ಟು ಕೊಡ್ತಾನೆ ಅಂತ ಮಾತಾಡಿದ್ರೆ ಅದೇ ಶುರು.

ಊದುಬತ್ತಿ_ಹುಡುಗಿ
ಅಯ್ಯೋ ಅದು ನಿಜವಾಗ್ಲೂ ಬೇರೆ ಬೇರೆ ರೇಟು!! ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಕಡ್ಡಿ ಮುರಿದಿದೆ, ತೂಕ ಕಮ್ಮಿ ಅಂತ ಹಿಡ್ಕೊಳ್ಳೋದು ಬೇರೆ.

ಪುಸ್ತಕದ_ಹುಳ
ಎಲ್ರೂ ದೇಶದ ಕಥೆ ಹೇಳ್ತಿದೀರ, ಮೋಸ ಆಗದೇ ಇರೋಕೆ ಏನ್ ಮಾಡ್ಬೇಕು ಅನ್ನೋದು ಯಾರೂ ಸರಿಯಾಗಿ ಹೇಳ್ಲಿಲ್ಲ. ನಾನು ದಾವಣಗೆರೆಲಿ ಸಂಘಗಳ ಪುಸ್ತಕ ಬರೆಯೋ ಕೆಲಸ ಮಾಡಿದೀನಿ, ಆರು ವರ್ಷ. ಸುಮಾರು ಇಪ್ಪತ್ತು ಸಂಘದ್ದು. ಮೋಸ ಹೆಂಗಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು.

ಶುರುವಾಗೋದು ಖಾಲಿ ಪುಟದಿಂದ. 'ಅಕ್ಕಾ ಮೀಟಿಂಗಿಗೆ ಟೈಮಿಲ್ಲ, ಸೈನ್ ಹಾಕಿ ಹೋಗಿರಿ, ಆಮೇಲೆ ನಾನು ಠರಾವು ಬರ್ಕೋತೀನಿ'. ಹಾಕ್ತಾರೆ. ಆ ಸೈನ್ ಮೇಲೆ ಏನ್ ಬೇಕಾದ್ರೂ ಬರೀಬಹುದು, ನಿಮ್ಮಲ್ಲಿ ಆಗಿದ್ದು ಅದೇ ಇರುತ್ತೆ. ಎರಡನೇದು ಪಾಸ್‌ಬುಕ್ ಎಂಟ್ರಿ. ಬ್ಯಾಂಕಲ್ಲಿ ರಶ್ಶು, ಪ್ರಿಂಟರ್ ಕೆಟ್ಟಿದೆ ಅಂತ ಆರು ತಿಂಗಳು ಎಂಟ್ರಿನೇ ಹಾಕ್ಸಲ್ಲ.

ನಾನು ನೋಡಿದ ಬೆಸ್ಟ್ ಸಂಘ ಒಂದಿತ್ತು, ಮಂಡಕ್ಕಿ ಭಟ್ಟಿ ಕಡೆ, 13 ಜನ, ಅದರಲ್ಲಿ ಓದೋಕೆ ಬರೋರು ಇಬ್ರು. ಅವರ ಪದ್ಧತಿ ಕೇಳಿ. ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆ ಒಬ್ಬರ ಮನೇಲಿ, ಬೀಗದ ಕೈ ಇನ್ನೊಬ್ಬರ ಹತ್ರ, ಪಾಸ್‌ಬುಕ್ ಮೂರನೇಯವರ ಹತ್ರ. ಮೀಟಿಂಗ್ ಮುಗಿಯುವಾಗ ಪೆಟ್ಟಿಗೇಲಿ ಎಷ್ಟಿದೆ ಅಂತ ಎಣಿಸಿ ಎಲ್ರೂ ಒಟ್ಟಿಗೆ ಕೂಗಿ ಹೇಳೋರು, 'ಒಂದು ಸಾವಿರದ ನೂರಾ ನಲವತ್ತು'. ಮುಂದಿನ ವಾರ ಬಂದ ತಕ್ಷಣ ಮೊದಲ ಕೆಲಸ, ಹೋದ ವಾರ ಎಷ್ಟು ಅಂತ ಕೇಳೋದು, ಎಲ್ರೂ ಮತ್ತೆ ಕೂಗೋದು, ಆಮೇಲೆ ಬೀಗ ತೆಗೆದು ಎಣಿಸೋದು. ಓದು ಬರಹ ಇಲ್ದೆ ಇರೋರೂ ಆಡಿಟರ್ರೇ ಅಲ್ಲಿ. ನಾನು ಒಂದು ಸಲ 20 ರೂಪಾಯಿ ತಪ್ಪು ಬರೆದು ಸಿಕ್ಕಾಕೊಂಡಿದೀನಿ, ಒಬ್ಬ ಅಜ್ಜಿ, ಹೆಬ್ಬೆಟ್ಟು ಒತ್ತೋರು, 'ಇಲ್ಲ ಮಗ, ನಿಂಗಮ್ಮನ ಇಪ್ಪತ್ತು ಬಂದಿಲ್ಲ' ಅಂದ್ರು. ನಾನು ಪುಸ್ತಕ ತೋರಿಸ್ತೀನಿ, ಅವರು ತಲೆ ಅಲ್ಲಾಡಿಸ್ತಾರೆ. ಎಣಿಸಿದ್ರೆ ಅವರದೇ ಸರಿ. ಮರ್ಯಾದೆ ಹೋಯ್ತು ಆವತ್ತು.

ಹಂಗಾಗಿ ಊದುಬತ್ತಿ ಹುಡುಗಿ, ಒಂದು ಮಾತು ಬೇಜಾರ್ ಮಾಡ್ಕೋಬೇಡಿ. ನೀವೊಬ್ಬರೇ ಲೆಕ್ಕ ಬರೆಯೋದು ಬೇಡ. ನೀವು ಮೋಸ ಮಾಡ್ತೀರ ಅಂತಲ್ಲ. ನಾಳೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ್ರೆ ಸಂಘ ಅವತ್ತೇ ಸಾಯುತ್ತೆ. ಏಳನೇ ಕ್ಲಾಸ್ ಓದಿರೋ ಸದಸ್ಯೆ ಯಾರಾದ್ರೂ ಇದ್ರೆ ಅವರ ಕೈಲೇ ಬರೆಸಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ.

ಹುಬ್ಬಳ್ಳಿ_ಮಂದಿ
ಇದು ನೂರಕ್ಕ ನೂರು ಖರೇ. ನಮ್ಮ ರೊಟ್ಟಿ ಗುಂಪಿನ್ಯಾಗೂ ಲೀಡರ್ ಎರಡು ವರ್ಷಕ್ಕೊಮ್ಮಿ ಬದಲಿ. 'ನನಗ ಬ್ಯಾಡ' ಅಂದ್ರೂ ಬಿಡಂಗಿಲ್ಲ. ಮದಲ ಸಲ ನಮ್ಮವ್ವ ಬ್ಯಾಂಕಿಗೆ ಹೋಗಿ ಗಡಗಡ ನಡಗಿದ್ಲು, ಸ್ಲಿಪ್ ತುಂಬಾಕ ನನ್ನ ಕರಕೊಂಡು ಹೋಗಿದ್ಲು. ಈಗ ಮ್ಯಾನೇಜರ್ ಬದಲಾದ್ರ ಹೊಸ ಮ್ಯಾನೇಜರಿಗೆ ಇಕೀನೇ ಹೇಳಿಕೊಡ್ತಾಳ 😂

ಗೂಗಲ್_ಗೋಪಾಲ
ರೊಟ್ಟಿ ಡೆಲಿವರಿ ಬೆಂಗಳೂರಿಗೆ ಇದ್ಯಾ ಬ್ರೋ? ಖಡಕ್ ರೊಟ್ಟಿ ಎಷ್ಟಕ್ಕೆ?

ಹುಬ್ಬಳ್ಳಿ_ಮಂದಿ
ಮದಲ ನೀ ಮನ್ನಾ ಅಂತ ಸುಳ್ಳ ಹೇಳೂದು ಬಿಡು, ಆಮ್ಯಾಲ ರೊಟ್ಟಿ ರೇಟ್ ಹೇಳ್ತೇನಿ.

ರಿಟೈರ್ಡ್_ಕ್ಯಾಷಿಯರ್
ಬ್ಯಾಂಕಿನ ವಿಷಯ ಬಂತಲ್ಲ, ಒಂದು ಹೇಳ್ತೀನಿ, ನಮ್ಮವರೇ ಮಾಡೋ ತಪ್ಪು. ಸಂಘದ ಖಾತೆ ತೆರೆಯೋಕೆ ಹೋದ್ರೆ 'ಎಲ್ಲಾ 12 ಜನರ ಆಧಾರ್, ಬಾಡಿಗೆ ಕರಾರು, ಪ್ಯಾನ್ ತನ್ನಿ' ಅಂತಾರೆ ಕೌಂಟರಲ್ಲಿ. ಬಾಡಿಗೆ ಮನೆಯವರ ಆಧಾರ್ ಊರಿನ ವಿಳಾಸದಲ್ಲಿರುತ್ತೆ, ಅಲ್ಲಿಗೇ ನಿಂತೋಗುತ್ತೆ ಕೆಲಸ. ಆರ್‌ಬಿಐ ಕೆವೈಸಿ (ಗ್ರಾಹಕರ ಗುರುತು ದಾಖಲೆ) ನಿಯಮದಲ್ಲಿ ಸ್ಪಷ್ಟವಾಗಿದೆ, ಸಂಘದ ಉಳಿತಾಯ ಖಾತೆಗೆ ಪದಾಧಿಕಾರಿಗಳ ದಾಖಲೆ ಸಾಕು, ಎಲ್ಲಾ ಸದಸ್ಯರದ್ದು ಬೇಡ. ಸಾಲ ಕೊಡುವಾಗ ಎಲ್ರದೂ ನೋಡ್ತಾರೆ. ಸಂಘ ರಿಜಿಸ್ಟರ್ ಆಗಿರಬೇಕು ಅಂತಲೂ ಇಲ್ಲ. ಒಪ್ಪಲ್ಲ ಅಂದ್ರೆ ಜಗಳ ಆಡ್ಬೇಡಿ, 'ಬರವಣಿಗೇಲಿ ಕೊಡಿ ಸಾರ್' ಅನ್ನಿ. ಮೂವತ್ತೊಂದು ವರ್ಷದಲ್ಲಿ ನಾವು ಹೆದರ್ತಿದ್ದಿದ್ದು ಆ ಒಂದು ಮಾತಿಗೆ ಮಾತ್ರ.

ನಿಮ್ಮ ಲೆಕ್ಕ: 12 ಜನ, ವಾರಕ್ಕೆ 50, ಅಂದ್ರೆ 600. 26 ವಾರಕ್ಕೆ 15,600. ಆರು ತಿಂಗಳು ಸರಿಯಾಗಿ ನಡೆದಿದ್ರೆ ಬ್ಯಾಂಕು ನಿಮ್ಮ ನಡಾವಳಿ ನೋಡಿ ಗ್ರೇಡಿಂಗ್ ಮಾಡಿ ಸಾಲದ ಮಾತಾಡುತ್ತೆ. ನಾಲ್ಕು ಪಟ್ಟು ಅಂದ್ರೂ 62,400. ಸಂಘಕ್ಕೆ 10 ಲಕ್ಷದವರೆಗೆ ಅಡಮಾನ ಕೇಳೋ ಹಂಗಿಲ್ಲ. ಆದ್ರೆ ಬಂದ ದುಡ್ಡು ಸಮನಾಗಿ 12 ಭಾಗ ಮಾಡಿ ಹಂಚ್ಕೋಬೇಡಿ, ಎಲ್ಲಾ ಕಡೆ ಸಂಘ ಸಾಯೋದು ಆವತ್ತೇ. ಬೇಕಿಲ್ದೇ ಇರೋಳೂ ತಗೋತಾಳೆ, ಫ್ರಿಜ್ ಬರುತ್ತೆ ಮನೆಗೆ.

ಕಟ್ಟೆ_ಪುರಾಣ
ಫ್ರಿಜ್ ಬಂದ್ರೆ ತಪ್ಪಾ? ಮೊದಲು ನಾನು ತಮಾಷೆ ಮಾಡಿದ್ದೆ, ಈಗ ಸೀರಿಯಸ್ಸಾಗಿ ಹೇಳ್ತೀನಿ. ನಮ್ಮಮ್ಮ ಸಂಘದ ಸಾಲದಲ್ಲೇ ಫ್ರಿಜ್ ತಗೊಂಡು ಐಸು, ಮಜ್ಜಿಗೆ ಪ್ಯಾಕೆಟ್ಟು, ದೋಸೆಹಿಟ್ಟು ಮಾರಿದ್ದು. ನಾನು ಡಿಪ್ಲೊಮಾ ಮುಗಿಸಿದ್ದು ಆ ದೋಸೆಹಿಟ್ಟಲ್ಲಿ. ಆಮೇಲೆ ಸಂಘದಲ್ಲಿ ಜಗಳ ಆಗಿ ಒಡೆದೋಯ್ತು, ಅಮ್ಮ ಮೂರು ತಿಂಗಳು ಯಾರ ಹತ್ರನೂ ಮಾತಾಡ್ಲಿಲ್ಲ. ಅದಕ್ಕೇ ನಂಗೆ ಸಂಘ ಅಂದ್ರೆ ಉರಿ.

ಲಗ್ಗೆರೆ_ಲೇಡಿ
ಯಾಕೆ ಒಡೀತು?

ಕಟ್ಟೆ_ಪುರಾಣ
ಕಾರ್ಪೊರೇಟರ್ ಎಲೆಕ್ಷನ್. ಒಂದು ಪಾರ್ಟಿಯವರು ಸಂಘದವರಿಗೆಲ್ಲ ಸೀರೆ, ಕುಕ್ಕರ್ ಕೊಟ್ರು. ಲೀಡರ್ ಮನೇಲಿ ಇಟ್ಟು ಹಂಚಿದ್ರು, ಎರಡು ಕುಕ್ಕರ್ ಕಮ್ಮಿ ಬಂತು. ನಾಲ್ಕು ವರ್ಷದ ಸಂಘ ಎರಡು ಕುಕ್ಕರಿಗೆ ಹೋಯ್ತು ಗುರು.

ಮಂಡ್ಯದ್_ಗಂಡು
ಇದ್ ಮಾತ್ರ ಎಲ್ಲಾ ಕಡೆ ನಿಜ. ಎಲೆಕ್ಷನ್ ಬಂದ್ರೆ ಸಂಘದೋರ್ನ ಟೆಂಪೋದಲ್ ತುಂಬ್ಕೊಂಡ್ ಹೋಯ್ತಾರೆ ಸಮಾವೇಶಕ್ಕೆ, ತಲೆಗ್ ಇಷ್ಟು ಅಂತ. ಲೀಡ್ರೇ ಏಜೆಂಟು.

ಊದುಬತ್ತಿ_ಹುಡುಗಿ
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ನಿನ್ನೆ ಭಾನುವಾರ ಸೇರಿದ್ವಿ. ಅಪ್‌ಡೇಟ್ ಕೊಡ್ತೀನಿ.

ಆರು ತಿಂಗಳು ಸಾಲ ಇಲ್ಲ ಅಂದ ತಕ್ಷಣ ಮೂವರು ಎದ್ದೋದ್ರು (ಕ್ಯಾಷಿಯರ್ ಸರ್ ಎರಡು ಅಂದಿದ್ರು). ಒಂಬತ್ತು ಉಳೀತು, ಹತ್ತಾಗ್ಬೇಕಲ್ಲ ಅಂತ ಮುಖ ಮುಖ ನೋಡ್ಕೊಂಡು ಕೂತಿದ್ವಿ. ಆಗ ಅಜ್ಜಿ, ಅದೇ ಪಕ್ಕದ ಮನೆಯವರು, ಅವರ ಸೊಸೆನ ಕರ್ಕೊಂಡು ಬಂದ್ರು. ಅತ್ತೆ ಸೊಸೆ ಒಂದೇ ಮನೆಯವರು ಒಂದೇ ಸಂಘದಲ್ಲಿ ಇರಬಹುದಾ ಅಂತ ಗೊಂದಲ. ನಾನು ಬೇಡ ಅಂದೆ, ಅಜ್ಜಿ ನಾನು ಬಿಡ್ತೀನಿ ಅವಳು ಇರ್ಲಿ ಅಂದ್ರು, ಅಮ್ಮ ನೀವಿಲ್ದೆ ಸಂಘನೇ ಬೇಡ ಅಂದ್ಲು. ಅದು ಇನ್ನೂ ಇತ್ಯರ್ಥ ಆಗಿಲ್ಲ.

ಪೆಟ್ಟಿಗೆ ಐಡಿಯಾ ಎಲ್ರಿಗೂ ಇಷ್ಟ ಆಯ್ತು. ತಗಡಿನ ಪೆಟ್ಟಿಗೆ ಯಾರ ಮನೇಲೂ ಇರ್ಲಿಲ್ಲ, ಸದ್ಯಕ್ಕೆ ನನ್ನ ಜಾಮಿಟ್ರಿ ಬಾಕ್ಸ್. ಅದಕ್ಕೆ ಬೀಗ ಇಲ್ಲ, ದಾರ ಕಟ್ಟಿ ಅರಗು ಹಾಕಿದೀವಿ. ಅದರಲ್ಲಿ 450 ಇದೆ. ಎಲ್ರೂ ಕೂಗಿದ್ವಿ, ಮನೆ ಓನರ್ ಏನ್ ಗಲಾಟೆ ಅಂತ ಮೇಲಿಂದ ಇಣುಕಿದ್ರು. ಅಮ್ಮನ ಮೂರು ಕಂತು ಹಂಗೇ ಇದೆ, ಅದು ಮುಗಿಯೋಕೆ ಇನ್ನೂ 14 ತಿಂಗಳು.

ಸಾವಿರ ಕಡ್ಡಿ ರೇಟು ಕೇಳಿದ್ವಿ. ಒಂದೇ ಗಲ್ಲಿಲಿ ಮೂರು ರೇಟು.

ಬಾಲ್ಕನಿ_ಬುದ್ಧಿಜೀವಿ
ಆ ಮೂರು ರೇಟನ್ನ ನಡಾವಳಿ ಪುಸ್ತಕದಲ್ಲಿ ಬರೀರಿ. ದಿನಾಂಕ ಹಾಕಿ.

ಪುಸ್ತಕದ_ಹುಳ
ಮೊದಲ ಪುಟದಲ್ಲಿ ಬೇಡ, ಅಲ್ಲಿ ಸಂಘದ ಹೆಸರು ನಿಯಮ ಬರುತ್ತೆ. ಮೂರನೇ ಪುಟದಿಂದ. ಪುಟಕ್ಕೆ ನಂಬರ್ ಹಾಕ್ಕೊಂಡು ಶುರು ಮಾಡಿ, ಹರಿದ್ರೆ ಗೊತ್ತಾಗ್ಬೇಕು.

ರಿಟೈರ್ಡ್_ಕ್ಯಾಷಿಯರ್
ಒಂದು ಮನೆಯಿಂದ ಒಬ್ಬರೇ ಅನ್ನೋದು ಒಳ್ಳೇದು. ಅಜ್ಜಿನ ಬಿಡಬೇಡಿ. ಸೊಸೆ ಬದಲು ಬೇರೆ ಯಾರಾದ್ರೂ ಹುಡುಕಿ, ಎದ್ದೋದ ಮೂವರಲ್ಲಿ ಒಬ್ಬರು ಮುಂದಿನ ಭಾನುವಾರ ವಾಪಸ್ ಬರ್ತಾರೆ ನೋಡ್ತಿರಿ.

ಗೂಗಲ್_ಗೋಪಾಲ
ಅದು ಸರಿ, ರೊಟ್ಟಿ ರೇಟ್ ಇನ್ನೂ ಬಂದಿಲ್ಲ.

ಹುಬ್ಬಳ್ಳಿ_ಮಂದಿ
ಮೆಸೇಜ್ ಹಾಕೇನಿ ನೋಡ್ರಿ. ಶೇಂಗಾ ಚಟ್ನಿ ಬೇರೆ ರೇಟು.